ಊರಿನ ಯೋಜನೆಯಲ್ಲಿ ಯುವಕರಿಗೂ ಪಾಲು: ಕಾರವಾರ, ಶಿರಸಿಯಂಥ ಊರಿಗೆ ಯಾವ ದಾರಿ ಸರಿ?

ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿ, ಯುವಕ ಸಂಘದ ಕಾರ್ಯದರ್ಶಿ, ಮೊದಲ ಸಲ ಗೆದ್ದು ಬಂದ ವಾರ್ಡ್ ಸದಸ್ಯೆ. ಇವರೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ನಮ್ಮೂರಿನ ಪಾರ್ಕು, ಕೆರೆದಂಡೆ, ಬಸ್‌ಸ್ಟ್ಯಾಂಡ್, ಕಡಲತೀರ ಹೇಗಿರಬೇಕು ಅನ್ನುವ ಮಾತಿಗೆ ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನವರನ್ನೂ ಕರೆಯಬೇಕು. ಹೇಗೆ ಕರೆಯೋಣ? ಕಾರ್ಯಾಗಾರ ಇಡೋಣವಾ, ಸಮೀಕ್ಷೆ ಮಾಡೋಣವಾ, ಒಂದು ಮೂಲೆಗೆ ಬಣ್ಣ ಹೊಡೆದು ಬೆಂಚು ಇಡೋಣವಾ, ಅಥವಾ ಸುಮ್ನೆ ಮನವಿ ಕೊಟ್ಟು ಬರೋಣವಾ?

ಪ್ರಶ್ನೆ ಸಣ್ಣದಲ್ಲ. ನಮ್ಮಲ್ಲಿ ಮಕ್ಕಳಿಗೆ ಮಕ್ಕಳ ಗ್ರಾಮಸಭೆ ಇದೆ. ಹಿರಿಯರಿಗೆ ಉಳಿದ ಸಭೆಗಳೆಲ್ಲ ಇವೆ. ನಡುವಿನವರಿಗೆ 1989ರಿಂದ ಓಟಿದೆ, ಆದರೆ ಸಭೆಯಲ್ಲಿ ಅವರ ಕೆಲಸ ಕುರ್ಚಿ ಹಾಕುವುದು. ಕಾರವಾರದ ಕಡಲತೀರಕ್ಕೆ ಠಾಗೋರರ ಹೆಸರಿದೆ. ಅವರು ಇಲ್ಲಿಗೆ ಬಂದಾಗ ವಯಸ್ಸು ಇಪ್ಪತ್ತೆರಡರ ಆಸುಪಾಸು. ಇವತ್ತು ಅದೇ ವಯಸ್ಸಿನ ಹುಡುಗಿಯೊಬ್ಬಳು ಆ ತೀರದ ಬಗ್ಗೆ ಏನಾದರೂ ಹೇಳಬೇಕೆಂದರೆ ಯಾರ ಹತ್ತಿರ ಹೋಗಬೇಕು ಅಂತಲೇ ಗೊತ್ತಿರುವುದಿಲ್ಲ.

ಮೊದಲು ಅಳತೆಗೋಲು

ದಾರಿ ಆರಿಸುವ ಮುಂಚೆ ಕೆಲವು ಪ್ರಶ್ನೆ ಕೇಳಿಕೊಳ್ಳಿ. ಎಲ್ಲಕ್ಕೂ ಒಂದೇ ತೂಕ ಅಲ್ಲ. ನನ್ನ ಲೆಕ್ಕದಲ್ಲಿ ಮೊದಲನೆಯದೇ ಅರ್ಧ ತೂಕ.

ತೀರ್ಮಾನ ಯಾರ ಕೈಯಲ್ಲಿದೆ, ಯಾವಾಗ ಆಗುತ್ತದೆ? ವಾರ್ಡಿನ ಒಂದು ಬೀದಿದೀಪವಾದರೆ ನಗರಸಭೆ ಸಾಕು. ಠಾಗೋರ್ ಕಡಲತೀರದ ವಿಷಯವಾದರೆ ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆ, ಬಂದರು ಇಲಾಖೆ, ಮೇಲಿಂದ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಪಕ್ಕದ ರಸ್ತೆ ರಾಷ್ಟ್ರೀಯ ಹೆದ್ದಾರಿ 66, ಅದಕ್ಕೆ ಬೇರೆಯೇ ಯಜಮಾನರು. ಗೋಕರ್ಣದಲ್ಲಿ ಅಷ್ಟು ಪ್ರವಾಸಿಗರು ಬಂದರೂ ಆಡಳಿತ ಗ್ರಾಮ ಪಂಚಾಯತಿಯದು. ಯಾರು ಸಹಿ ಹಾಕುತ್ತಾರೆ ಅಂತ ಗೊತ್ತಿಲ್ಲದೆ ಮಾಡಿದ ಚಂದದ ಕೆಲಸ ಫೋಟೊದಲ್ಲಿ ಉಳಿಯುತ್ತದೆ, ಅಷ್ಟೇ.

ಎರಡನೆಯದು, ಯಾರು ಬರುತ್ತಾರೆ? ಯುವಜನರು ಅಂದಕೂಡಲೇ ಕಾಲೇಜು ಅಂದುಕೊಳ್ಳುತ್ತೇವೆ. ಬೈತಖೋಲ ಬಂದರಿನಲ್ಲಿ ಬೋಟಿಗೆ ಹೋಗುವವನು, ಶಿರಸಿಯ ಗ್ಯಾರೇಜಿನಲ್ಲಿ ಇರುವವನು, ಬಟ್ಟೆ ಅಂಗಡಿಯಲ್ಲಿ ರಾತ್ರಿ ಎಂಟರವರೆಗೆ ನಿಲ್ಲುವ ಹುಡುಗಿ, ಇವರೂ ಅದೇ ವಯಸ್ಸಿನವರು. ಸಂಜೆ ಐದೂವರೆಗೆ ಸಭೆ ಇಟ್ಟರೆ ಹಳ್ಳಿಯಿಂದ ಬರುವ ಹುಡುಗಿಯರು ಬಸ್ಸಿಗೆ ಓಡುತ್ತಾರೆ. ಉಳಿಯುವವರು ಬೈಕ್ ಇರುವ ಹುಡುಗರು. ಆಮೇಲೆ ‘ಯುವಕರ ಅಭಿಪ್ರಾಯ’ ಅಂತ ಬರೆದುಕೊಳ್ಳುವುದು ಅವರದ್ದನ್ನೇ.

ಮೂರನೆಯದು ದುಡ್ಡು ಮತ್ತು ಮಳೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ನಿಂತು ಮಾಡುವ ಕೆಲಸ ಕಷ್ಟ. ಪರೀಕ್ಷೆಯ ತಿಂಗಳು ತೆಗೆದರೆ ಕೈಗೆ ಸಿಗುವ ಕಾಲ ಇನ್ನೂ ಕಡಿಮೆ.

ನಾಲ್ಕನೆಯದನ್ನು ಹೊರಗಿನಿಂದ ಬಂದ ತಜ್ಞರು ಸಾಮಾನ್ಯವಾಗಿ ಮರೆಯುತ್ತಾರೆ. ನಮ್ಮ ಜಿಲ್ಲೆಯ ಹುಡುಗರು ಡಿಗ್ರಿ ಮುಗಿಸಿ ಗೋವಾ, ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಅಂತ ಹೊರಟುಬಿಡುತ್ತಾರೆ. ಈ ವರ್ಷ ಶುರು ಮಾಡಿದವರು ಮುಂದಿನ ವರ್ಷ ಇರುವುದಿಲ್ಲ. ಹಾಗಾಗಿ ಆರಿಸುವ ದಾರಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಂತಿರಬೇಕು. ದಾಟಬೇಕೆಂದರೆ ಕಾಗದ ಬೇಕು. ಆವಕ ನಂಬರ್ (ಕಚೇರಿಗೆ ಕಾಗದ ಸೇರಿದ್ದಕ್ಕೆ ಕೊಡುವ ಸಂಖ್ಯೆ), ಠರಾವು, ನಕ್ಷೆ, ಏನಾದರೂ ಸರಿ.

ದಾರಿ ಒಂದು: ಸುತ್ತಾಡಿ ಎಣಿಸುವುದು

ಒಂದು ಜಾಗ ಆರಿಸಿಕೊಳ್ಳುವುದು. ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿ ಹೋಗಿ ನಿಲ್ಲುವುದು. ಎಷ್ಟು ಜನ ಬರುತ್ತಾರೆ, ಗಂಡಸರೆಷ್ಟು, ಹೆಂಗಸರೆಷ್ಟು, ಎಲ್ಲಿ ಕೂರುತ್ತಾರೆ, ಎಲ್ಲಿ ದೀಪ ಇಲ್ಲ, ಎಲ್ಲಿ ಚರಂಡಿಯ ಕಲ್ಲು ಎದ್ದಿದೆ, ಇದನ್ನೆಲ್ಲ ಬರೆದುಕೊಳ್ಳುವುದು. ನ್ಯೂಯಾರ್ಕಿನಲ್ಲಿ ವಿಲಿಯಂ ವೈಟ್ ಅನ್ನುವವರು 1970ರ ದಶಕದಲ್ಲಿ ಚೌಕಗಳ ಮೇಲೆ ಕ್ಯಾಮೆರಾ ಇಟ್ಟು ಮಾಡಿದ್ದು ಇದನ್ನೇ. ಅವರಿಗೆ ಸಿಕ್ಕ ದೊಡ್ಡ ಸತ್ಯ ತುಂಬಾ ಸಾದಾ: ಕೂರಲು ಜಾಗ ಇರುವಲ್ಲಿ ಜನ ಕೂರುತ್ತಾರೆ. ಗೊತ್ತಿದ್ದದ್ದೇ ಅಲ್ವಾ ಅನ್ನಿಸಬಹುದು. ಆದರೆ ನಮ್ಮ ಬಸ್‌ಸ್ಟ್ಯಾಂಡುಗಳನ್ನು ಒಮ್ಮೆ ನೋಡಿ.

ಖರ್ಚು ಹತ್ತಿರಹತ್ತಿರ ಏನೂ ಇಲ್ಲ. ನೋಟ್‌ಬುಕ್ಕು, ಪೆನ್ನು, ಚಹಾ. ಮೊಬೈಲ್ ಇದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕಾಲುದಾರಿ, ಬಾವಿ, ಶೌಚಾಲಯ, ಬೆಂಚು ಗುರುತಿಸಬಹುದು. 2004ರಲ್ಲಿ ಶುರುವಾದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು. ಕತ್ತಲಾದ ಮೇಲಿನ ಓಡಾಟದ ಬಗ್ಗೆ ಆದರೆ 2013ರಲ್ಲಿ ಬಂದ ಸೇಫ್ಟಿಪಿನ್ ಆ್ಯಪ್‌ನ ಪಟ್ಟಿ ಒಳ್ಳೆಯದು. ಬೆಳಕು, ನೋಟಕ್ಕೆ ಅಡ್ಡ ಇದೆಯಾ, ಜನಸಂಚಾರ, ನಡೆಯುವ ದಾರಿ, ಹೆಂಗಸರ ಓಡಾಟ ಎಲ್ಲ ಅದರಲ್ಲಿದೆ. ಆ್ಯಪ್ ಬೇಡವಾದರೆ ಪಟ್ಟಿಯನ್ನಷ್ಟೇ ಕನ್ನಡ ಅಥವಾ ಕೊಂಕಣಿಯಲ್ಲಿ ಬರೆದುಕೊಂಡರೂ ಕೆಲಸ ಆಗುತ್ತದೆ.

ಈ ದಾರಿಯ ದೊಡ್ಡ ಲಾಭ, ಮಾತಾಡಲು ನಾಚುವವರೂ ಸೇರಿಕೊಳ್ಳಬಹುದು. ಮೈಕ್ ಹಿಡಿಯುವ ಅಗತ್ಯವಿಲ್ಲ. ಅಂಗಡಿ ಹುಡುಗಿ ಮನೆಗೆ ಹೋಗುವ ದಾರಿಯಲ್ಲೇ ದೀಪ ಎಣಿಸಬಹುದು. ಎನ್‌ಎಸ್‌ಎಸ್ ಸ್ವಯಂಸೇವಕರಿಗೆ ಎರಡು ವರ್ಷದಲ್ಲಿ 240 ಗಂಟೆ ಕೆಲಸ ತೋರಿಸಬೇಕು. ಅದರಲ್ಲಿ ಒಂದಿಷ್ಟು ಇದಕ್ಕೆ ಬಳಸಿದರೆ ಕಾಲೇಜಿಗೂ ಅನುಕೂಲ. ಲೆಕ್ಕ ಕಾಗದದ ಮೇಲೆ ಇರುವುದರಿಂದ ಮುಂದಿನ ತಂಡಕ್ಕೆ ದಾಟಿಸುವುದೂ ಸುಲಭ.

ಕೊರತೆ ಏನೆಂದರೆ, ಎಣಿಸಿದ ಮಾತ್ರಕ್ಕೆ ಏನೂ ಬದಲಾಗುವುದಿಲ್ಲ. ಉತ್ಸಾಹ ಬೇಗ ಇಳಿಯುತ್ತದೆ. ಇದಕ್ಕೆ ನಾಲ್ಕನೆಯ ದಾರಿ, ಅಂದರೆ ಕಚೇರಿಗೆ ಬರಹದಲ್ಲಿ ಕೊಡುವುದನ್ನು ಜೋಡಿಸದೆ ಹೋದರೆ ಸರ್ಟಿಫಿಕೇಟ್ ಮಾತ್ರ ಗಟ್ಟಿ.

ದಾರಿ ಎರಡು: ಕಾರ್ಯಾಗಾರ

ಹಾಲ್, ಬ್ಯಾನರ್, ಚಾರ್ಟು, ಸ್ಕೆಚ್‌ಪೆನ್ನು, ಮಧ್ಯಾಹ್ನ ಊಟ. ತಂಡ ತಂಡವಾಗಿ ಕೂತು ‘ನಮ್ಮ ಕನಸಿನ ಕೆರೆದಂಡೆ’ ಬಿಡಿಸುವುದು. ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ನನಗೆ ಇದರ ಮೇಲೆ ಅಷ್ಟು ಭರವಸೆ ಇಲ್ಲ.

ಕಾರಣ ಇಷ್ಟೇ. ಕಾರ್ಯಾಗಾರದಲ್ಲಿ ಚುರುಕಾಗಿ ಮಾತಾಡುವವರು ಗೆಲ್ಲುತ್ತಾರೆ. ಬಿಡಿಸಿದ್ದು ಎಲ್ಲ ಊರಿಗೂ ಹೊಂದುವ ಚಿತ್ರ ಆಗಿಬಿಡುತ್ತದೆ: ಫುಡ್‌ಕೋರ್ಟ್, ಸೆಲ್ಫಿ ಪಾಯಿಂಟ್, ಕಾರಂಜಿ. ಕಡಲತೀರದ ಚಿತ್ರದಲ್ಲಿ ರಾಂಪಣಿ ಬಲೆ ಎಳೆಯುವ ಜಾಗವೇ ಮಾಯ. ಮೀನು ಒಣಗಿಸುವ ಹೆಂಗಸರು ಮಾಯ. ಬಿಡಿಸಿದವರಿಗೆ ಕೆಟ್ಟ ಮನಸ್ಸೇನೂ ಇಲ್ಲ, ಆ ಹೆಂಗಸರ ಮಕ್ಕಳು ಆ ಹಾಲ್‌ನಲ್ಲಿ ಇರಲಿಲ್ಲ ಅಷ್ಟೇ.

ಆದರೂ ಕೆಲವು ಸಲ ಕಾರ್ಯಾಗಾರವೇ ಬೇಕು. ಎರಡು ಗುಂಪಿಗೆ ಒಂದೇ ಜಾಗದ ಮೇಲೆ ತಕರಾರಿದ್ದರೆ, ಎದುರುಬದುರು ಕೂತು ನಕ್ಷೆಯ ಮೇಲೆ ಬೆರಳಿಡುವುದರಿಂದ ಅರ್ಧ ಜಗಳ ಇಳಿಯುತ್ತದೆ. ಕ್ರಿಕೆಟ್ ಆಡುವವರು ಮತ್ತು ವಾಕಿಂಗ್ ಬರುವವರ ಜಗಳ ಇಂಥದ್ದು. ಕಂಪ್ಯೂಟರ್ ಲ್ಯಾಬ್ ಇರುವ ಕಾಲೇಜಾದರೆ ಇನ್ನೊಂದು ಬಗೆ ಇದೆ. ವಿಶ್ವಸಂಸ್ಥೆಯ ಹ್ಯಾಬಿಟಾಟ್ ಸಂಸ್ಥೆ 2012ರಿಂದ ಮೈನ್‌ಕ್ರಾಫ್ಟ್ ಆಟದೊಳಗೆ ಜಾಗದ ಮಾದರಿ ಕಟ್ಟಿಸಿ ಜನರ ಅಭಿಪ್ರಾಯ ತಿಳಿಯುತ್ತಿದೆ. ನಕ್ಷೆ ಓದಲು ಬಾರದವರಿಗೂ ಎತ್ತರ, ಅಗಲ ಕಣ್ಣಿಗೆ ಕಾಣುತ್ತದೆ. ಕಾರವಾರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದನ್ನು ಮಾಡಲು ಬೇಕಾದ ಕೈಗಳು ಸಿಕ್ಕಾವು.

ಖರ್ಚು ಕೆಲವು ಸಾವಿರದಿಂದ ಹತ್ತಾರು ಸಾವಿರ. ಮುಕ್ಕಾಲು ಪಾಲು ಊಟ, ಬ್ಯಾನರಿಗೇ ಹೋಗುತ್ತದೆ. ಬ್ಯಾನರ್ ಬಿಟ್ಟು ಆ ದುಡ್ಡಿನಲ್ಲಿ ಹುಡುಗಿಯರು ಮನೆಗೆ ಹೋಗಲು ಒಂದು ಟೆಂಪೊ ಮಾಡಿಸಿ.

ದಾರಿ ಮೂರು: ಮಾಡಿಯೇ ತೋರಿಸುವುದು

ಶಾಶ್ವತವಾಗಿ ಕಟ್ಟುವ ಮೊದಲು ಸ್ವಲ್ಪ ದಿನ ಪ್ರಯೋಗ ಮಾಡುವುದು. ಒಂದು ಬೀದಿಗೆ ಒಂದು ಭಾನುವಾರ ವಾಹನ ಬಿಡದೆ ಇರುವುದು. ಕಸ ಬೀಳುವ ಮೂಲೆಗೆ ಬಣ್ಣ ಬಳಿದು ಮರದ ಬೆಂಚು ಇಡುವುದು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರಿನಲ್ಲಿ ವಾರಾಂತ್ಯಕ್ಕೆ ವಾಹನ ನಿಲ್ಲಿಸಿ ನೋಡಿದರು. ಅದಕ್ಕೂ ಮೊದಲೇ ‘ದಿ ಅಗ್ಲಿ ಇಂಡಿಯನ್’ ಅನ್ನುವ ಗುಂಪು ಕಸದ ಮೂಲೆಗಳನ್ನು ತಾನೇ ಸ್ವಚ್ಛ ಮಾಡಿ ಬಣ್ಣ ಬಳಿಯುತ್ತಿತ್ತು.

ಶಿರಸಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಬಿಡ್ಕಿಬೈಲು ಮತ್ತು ಸುತ್ತಲಿನ ರಸ್ತೆ ಪೂರ್ತಿ ಬೇರೆಯೇ ಊರಾಗುತ್ತದೆ. ವಾಹನ ಬೇರೆ ದಾರಿ ಹಿಡಿಯುತ್ತದೆ, ಅಂಗಡಿ ಏಳುತ್ತವೆ, ರಾತ್ರಿ ಹನ್ನೊಂದಕ್ಕೂ ಹೆಂಗಸರು ಮಕ್ಕಳು ಆರಾಮಾಗಿ ಓಡಾಡುತ್ತಾರೆ. ಹೋಳಿಯ ಬೇಡರ ವೇಷದ ರಾತ್ರಿಗಳೂ ಹಾಗೆಯೇ. ಜಾತ್ರೆಯ ದಿನಗಳಲ್ಲಿ ಎಲ್ಲಿ ಜನ ಕೂತರು, ಎಲ್ಲಿ ದಟ್ಟಣೆ ಆಯಿತು, ಶೌಚಾಲಯಕ್ಕೆ ಎಷ್ಟು ದೂರ ನಡೆದರು ಅಂತ ಹತ್ತು ಹುಡುಗರು ಬರೆದುಕೊಂಡರೆ ಅದೇ ಪ್ರಯೋಗದ ಫಲಿತಾಂಶ. ಪ್ರತ್ಯೇಕ ಖರ್ಚೇ ಬೇಡ.

ಈ ದಾರಿಯಲ್ಲಿ ಕಣ್ಣಿಗೆ ಕಾಣುವ ಫಲ ಬೇಗ ಸಿಗುತ್ತದೆ. ಕಾಲೇಜಿಗೆ ಹೋಗದ ಹುಡುಗರು ಜಾಸ್ತಿ ಬರುವುದೂ ಇಲ್ಲೇ, ಯಾಕೆಂದರೆ ವೆಲ್ಡಿಂಗ್, ಪೇಂಟಿಂಗ್, ಮರಗೆಲಸ ಅವರ ಕೈಯಲ್ಲಿದೆ. ತಜ್ಞನ ಜಾಗದಲ್ಲಿ ಅವರು ನಿಲ್ಲುತ್ತಾರೆ, ಡಿಗ್ರಿಯವರು ಡಬ್ಬ ಹಿಡಿಯುತ್ತಾರೆ.

ಆದರೆ ಅಪಾಯವೂ ಇಲ್ಲೇ ಜಾಸ್ತಿ. ಅನುಮತಿ ಇಲ್ಲದೆ ರಸ್ತೆಗೆ ಏನೂ ಇಡಬೇಡಿ. ನಗರಸಭೆಯ ಬರಹ, ಟ್ರಾಫಿಕ್ ಪೊಲೀಸರ ಒಪ್ಪಿಗೆ ಎರಡೂ ಕೈಯಲ್ಲಿರಲಿ. ಕಾರವಾರದಲ್ಲಿ ಭಾನುವಾರ ಅಂದರೆ ಸಂತೆ. ಖಾಲಿ ಬೀದಿಯ ಪ್ರಯೋಗಕ್ಕೆ ಅದೇ ದಿನ ಆರಿಸಿದರೆ ವ್ಯಾಪಾರಿಗಳ ಹೊಟ್ಟೆಯ ಮೇಲೆ ಹೊಡೆದಂತೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಊರಿನ ವ್ಯಾಪಾರಿ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆ ಇಲ್ಲದಷ್ಟು ಸ್ಥಾನ ವ್ಯಾಪಾರಿಗಳಿಗೇ ಇರಬೇಕು. ಮೊದಲು ಅವರ ಹತ್ತಿರ ಮಾತಾಡಿ.

ಮರಳಿನ ಮೇಲೆ ಏನಾದರೂ ಮಾಡುವುದಾದರೆ ಇನ್ನೂ ಎಚ್ಚರ ಬೇಕು. ಕಡಲಿನ ಭರತದ ಗೆರೆಯಿಂದ 500 ಮೀಟರ್‌ವರೆಗೆ ಸಿಆರ್‌ಝಡ್ ನಿಯಮದ ಕಣ್ಣಿದೆ. ಚಳಿಗಾಲದಲ್ಲಿ ನಮ್ಮ ತೀರಕ್ಕೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಿಗಳು ಬೆಳಕಿನ ಕಡೆಗೆ ಹೋಗುತ್ತವೆ. ನೀವು ಚಂದಕ್ಕೆ ಹಾಕಿದ ಸಾಲುದೀಪ ಅವುಗಳನ್ನು ಸಮುದ್ರ ಬಿಟ್ಟು ರಸ್ತೆಗೆ ಕರೆಯುತ್ತದೆ.

ಬಣ್ಣದ ಆಯುಷ್ಯ ಒಂದು ಮಳೆಗಾಲ. ಅಕ್ಟೋಬರ್ ಕೊನೆಗೆ ಶುರು ಮಾಡಿದರೆ ಮೇ ತನಕ ನೋಡಲು ಸಿಗುತ್ತದೆ. ಏಪ್ರಿಲ್‌ನಲ್ಲಿ ಬಳಿದರೆ ಜುಲೈಗೆ ಊರೆಲ್ಲ ನಿಮ್ಮನ್ನೇ ಬೈಯುತ್ತದೆ.

ದಾರಿ ನಾಲ್ಕು: ಕಚೇರಿಯ ಬಾಗಿಲು

ಬೇಜಾರಿನ ದಾರಿ. ಆದರೆ ನಿಜವಾಗಿ ದುಡ್ಡು ಹರಿಯುವುದು ಇಲ್ಲೇ.

ನಗರಸಭೆ, ಪುರಸಭೆಗಳು ಬಜೆಟ್ ಮಾಡುವ ಮೊದಲು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಸಾಮಾನ್ಯವಾಗಿ ಇದು ಚಳಿಗಾಲದ ಮಾತು. ಬರುವವರು ಬೆರಳೆಣಿಕೆ. ಒಂದು ತಂಡ ಹೋಗಿ ‘ಇಂಥ ಜಾಗದಲ್ಲಿ ಇಷ್ಟು ದೀಪ, ಇಷ್ಟು ಬೆಂಚು, ಇದು ಎಣಿಕೆ, ಇದು ಫೋಟೊ’ ಅಂತ ಬರಹದಲ್ಲಿ ಕೊಟ್ಟರೆ ಅದು ಎದ್ದು ಕಾಣುತ್ತದೆ. ಬಾಯಿಮಾತು ಸಾಲದು. ಟಪಾಲಿನಲ್ಲಿ ಕೊಟ್ಟು ಆವಕ ನಂಬರ್ ಬರೆಸಿಕೊಳ್ಳಿ. ಚುನಾಯಿತ ಮಂಡಳಿ ಇಲ್ಲದೆ ಆಡಳಿತಾಧಿಕಾರಿ ಇರುವ ಕಾಲವಾದರೆ ಪೌರಾಯುಕ್ತರ ಹೆಸರಿಗೇ ಕೊಡಿ.

ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್ ಬಂದಾಗ ಇನ್ನೊಂದು ಬಾಗಿಲು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರು ಅಭಿಪ್ರಾಯ ಹೇಳಲು 60 ದಿನ ಇದೆ. ಈ ಅವಕಾಶ ವರ್ಷಗಟ್ಟಲೆಗೆ ಒಮ್ಮೆ ಬರುತ್ತದೆ. ಆಗ ಕಾರ್ಯಾಗಾರ, ಬಣ್ಣ ಎಲ್ಲ ಪಕ್ಕಕ್ಕಿಡಿ. ಹಸಿರು ಬಣ್ಣದಲ್ಲಿ ಇರಬೇಕಾದ ಕೆರೆದಂಡೆ ಹಳದಿಯಲ್ಲಿ ಇದೆಯಾ ನೋಡಿ. ನಕ್ಷೆಯಲ್ಲಿ ಹಸಿರು ಅಂದರೆ ಪಾರ್ಕು, ಬಯಲು. ಹಳದಿ ಅಂದರೆ ವಾಸದ ಜಾಗ. ಒಮ್ಮೆ ಹಳದಿ ಆದದ್ದನ್ನು ಹಿಂದೆ ತರುವುದು ಬಹಳ ಕಷ್ಟ.

ದೊಡ್ಡ ಯೋಜನೆಗಳ ಸಾರ್ವಜನಿಕ ಅಹವಾಲು ಸಭೆ ಮೂರನೆಯ ಬಾಗಿಲು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಕಾರವಾರ ಬಂದರು ವಿಸ್ತರಣೆಯ ವಿರುದ್ಧ 2020ರ ಜನವರಿಯಲ್ಲಿ ಮೀನುಗಾರರು ಬೀದಿಗೆ ಇಳಿದದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ ಓದಿದ ಹುಡುಗ ಹುಡುಗಿಯರು ಮಾಡಬಹುದಾದ ಕೆಲಸ ಘೋಷಣೆ ಕೂಗುವುದಷ್ಟೇ ಅಲ್ಲ. ನೂರಾರು ಪುಟದ ವರದಿಯಲ್ಲಿ ನಮ್ಮ ದಕ್ಕೆ, ನಮ್ಮ ಮರಳು ಎಲ್ಲಿದೆ ಅಂತ ಹುಡುಕಿ ಮನೆಯವರಿಗೆ ಕೊಂಕಣಿಯಲ್ಲಿ ಹೇಳುವುದು. ಲಿಖಿತ ಆಕ್ಷೇಪಣೆ ಬರೆದುಕೊಡುವುದು.

ಪಂಚಾಯತ್ ಊರಿನವರಿಗೆ ಒಂದು ಅನುಕೂಲ ಜಾಸ್ತಿ ಇದೆ. ಅಲ್ಲಿ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಕಾನೂನಿನಲ್ಲೇ ಇವೆ, ಮತದಾರರೆಲ್ಲ ಅದರ ಸದಸ್ಯರು. ಪಟ್ಟಣದಲ್ಲಿ ಹಾಗಿಲ್ಲ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರಿಗೆ. ಕಾರವಾರವೂ ಶಿರಸಿಯೂ ಆ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಗೋಕರ್ಣದ ಹುಡುಗಿಗೆ ಇರುವ ಸಭೆ ಕಾರವಾರದ ಹುಡುಗಿಗೆ ಇಲ್ಲ. ವಿಚಿತ್ರ, ಆದರೆ ಹಾಗೇ ಇದೆ.

ಖರ್ಚು ಜೆರಾಕ್ಸಿನದ್ದು. ತಾಳ್ಮೆ ಮಾತ್ರ ಬೇಕಾದಷ್ಟು ಬೇಕು. ಕಿರಿಯರನ್ನು ಕಂಡರೆ ‘ನಾಳೆ ಬನ್ನಿ’ ಅನ್ನುವ ಮೇಜುಗಳು ಇವೆ. ಮನೆಯ ಹತ್ತಿರದ ನಿವೃತ್ತ ಮಾಸ್ತರರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಆ ನಾಳೆ ಇವತ್ತೇ ಬರುತ್ತದೆ.

ದಾರಿ ಐದು: ಯುವ ಸಮಿತಿ

ನಗರಸಭೆಗೆ ಸಲಹೆ ಕೊಡಲು ಹತ್ತು ಹನ್ನೆರಡು ಯುವಕರ ಸಮಿತಿ. ಕೇಳಲು ಬಹಳ ಚಂದ. ಅಮೆರಿಕದ ಶೆರಿ ಆರ್ನ್‌ಸ್ಟೀನ್ ಅನ್ನುವವರು 1969ರಲ್ಲಿ ಜನರ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲು ಗುರುತಿಸಿದರು. ತಮಗೆ ಬೇಕಾದ ಕೆಲವರನ್ನು ಸಮಿತಿಯಲ್ಲಿ ಕೂರಿಸಿ ಸಮಾಧಾನ ಮಾಡುವುದು ಅದರಲ್ಲಿ ಐದನೆಯದು, ಇನ್ನೂ ತೋರಿಕೆಯ ಹಂತ. ಅಧಿಕಾರ ಇರುವುದು ಅದಕ್ಕಿಂತ ಮೇಲೆ.

ಒಂದೇ ಪ್ರಶ್ನೆ ಕೇಳಿ: ಈ ಸಮಿತಿಯ ಕೈಯಲ್ಲಿ ದುಡ್ಡು ಇದೆಯಾ? ಅಮೆರಿಕದ ಬಾಸ್ಟನ್ ನಗರ 2014ರಲ್ಲಿ 12ರಿಂದ 25 ವರ್ಷದವರ ಕೈಗೆ 10 ಲಕ್ಷ ಡಾಲರ್ ಕೊಟ್ಟು ನೀವೇ ಓಟು ಹಾಕಿ ತೀರ್ಮಾನಿಸಿ ಅಂದಿತು. ನಮಗೆ ಅಷ್ಟು ಬೇಡ. ವಾರ್ಡಿಗೆ ಐವತ್ತು ಸಾವಿರವಾದರೂ ಠರಾವಿನಲ್ಲಿ ಬರೆದುಕೊಟ್ಟರೆ ಸಮಿತಿ ಮಾಡಿ. ಇಲ್ಲವಾದರೆ ಫೋಟೊಗೆ ನಿಲ್ಲುವ ಕೆಲಸ ಬೇಡ.

ಹಾಗಾದರೆ ನಿಮಗೆ ಯಾವುದು?

ಕಾಲೇಜಿನವರಿಗೆ: ದುಡ್ಡು ಕಡಿಮೆ, ಕೈಗಳು ಜಾಸ್ತಿ. ಅಕ್ಟೋಬರ್, ನವೆಂಬರಿನಲ್ಲಿ ಎಣಿಕೆ ಮುಗಿಸಿ. ಬಜೆಟ್ ಸಭೆಗೆ ಅದನ್ನೇ ಹಿಡಿದುಕೊಂಡು ಹೋಗಿ. ಒಂದು ಜಾಗ ಸಾಕು, ಇಡೀ ಊರು ಬೇಡ. ಪಟ್ಟಿ, ನಕ್ಷೆ, ಆವಕ ನಂಬರ್ ಎಲ್ಲ ಒಂದು ಫೈಲಿನಲ್ಲಿ ಗ್ರಂಥಾಲಯದಲ್ಲಿಡಿ, ಎರಡನೇ ವರ್ಷದವರಿಗೆ ಗೊತ್ತಿರಲಿ.

ಯುವಕ ಸಂಘಕ್ಕೆ: ನಿಮ್ಮಲ್ಲಿ ಕೈಕಸುಬು ಇದೆ, ಗಣಪತಿ ಹಬ್ಬ ಮಾಡಿದ ಅನುಭವ ಇದೆ, ವರ್ಗಣಿ ಎತ್ತಲು ಬರುತ್ತದೆ. ಮೂರನೆಯ ದಾರಿಯೇ ಸರಿ. ಆದರೆ ಸಂಘದಲ್ಲಿ ಹುಡುಗಿಯರು ಇಲ್ಲದಿದ್ದರೆ ಜಾಗ ಆರಿಸುವ ಕೆಲಸ ಮಹಿಳಾ ಮಂಡಳಕ್ಕೋ ಸ್ವಸಹಾಯ ಸಂಘಕ್ಕೋ ಬಿಡಿ. ನಿಮಗೆ ಇಷ್ಟವಾದ ಕಟ್ಟೆ ಅವರು ತಲೆ ತಗ್ಗಿಸಿ ದಾಟುವ ಜಾಗ ಆಗಿರಬಹುದು. ಕೆರೆಯ ಕೆಲಸವಾದರೆ ಶಿರಸಿಯಲ್ಲಿ ಜೀವಜಲ ಕಾರ್ಯಪಡೆಯವರು ಹೂಳೆತ್ತಿದ ಕೆರೆಗಳನ್ನು ಒಮ್ಮೆ ನೋಡಿ ಬನ್ನಿ. ಊರಿನವರೇ ದುಡ್ಡು ಕೂಡಿಸಿ ಮಾಡಿದ ಕೆಲಸದ ಕಷ್ಟಸುಖ ಅವರಿಗೆ ಗೊತ್ತು.

ವಾರ್ಡ್ ಸದಸ್ಯರಿಗೆ: ಕಾರ್ಯಾಗಾರ ಬೇಡ, ದುಡ್ಡಿಟ್ಟು ಸಮಿತಿ ಮಾಡಿ. ಅದು ಆಗದಿದ್ದರೆ ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಹುಡುಗರ ಜೊತೆ ವಾರ್ಡ್ ಸುತ್ತಿ, ಕಿರಿಯ ಎಂಜಿನಿಯರನ್ನೂ ಕರೆದುಕೊಳ್ಳಿ. ಮೀನುಗಾರಿಕೆ ಕೇರಿಯಾದರೆ ಬೋಟು ಇಳಿಯದ ಮಳೆಗಾಲದ ರಜೆಯಲ್ಲಿ ಸಭೆ ಇಡಿ. ಯಾಂತ್ರಿಕ ಬೋಟಿನವರು ಆಗ ಊರಲ್ಲೇ ಇರುತ್ತಾರೆ.

ಒಂದು ದೊಡ್ಡ ತೀರ್ಮಾನ ತಲೆಯ ಮೇಲೆ ಇದ್ದರೆ, ಕರಡು ಪ್ರಕಟವಾಗಿದ್ದರೆ ಅಥವಾ ಅಹವಾಲು ಸಭೆಯ ನೋಟಿಸ್ ಬಂದಿದ್ದರೆ, ನೀವು ಯಾರೇ ಆಗಿರಿ, ಬಜೆಟ್ ಎಷ್ಟೇ ಇರಲಿ, ನಾಲ್ಕನೆಯದು ಬಿಟ್ಟು ಬೇರೆ ಆಯ್ಕೆ ಇಲ್ಲ.

ಬೆಂಗಳೂರಿನಲ್ಲೋ ಪಣಜಿಯಲ್ಲೋ ಕೆಲಸದಲ್ಲಿದ್ದು ಹಬ್ಬಕ್ಕೆ ಮಾತ್ರ ಊರಿಗೆ ಬರುವವರೂ ಕೇಳುತ್ತಾರೆ, ನಾವೇನು ಮಾಡಬಹುದು ಅಂತ. ನಕ್ಷೆ ತಿದ್ದುವುದು ಅಲ್ಲಿಂದಲೇ ಆಗುತ್ತದೆ. ಮಾಹಿತಿ ಹಕ್ಕು ಅರ್ಜಿಯನ್ನೂ ಆನ್‌ಲೈನಿನಲ್ಲಿ ಹಾಕಬಹುದು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕಳೆದ ವರ್ಷ ಪಾರ್ಕಿಗೆ ಎಷ್ಟು ದುಡ್ಡು ಇಟ್ಟಿದ್ದರು, ಎಷ್ಟು ಖರ್ಚಾಯಿತು, ಅಂದಾಜು ಪಟ್ಟಿಯ ಪ್ರತಿ ಕೊಡಿ, ಇಷ್ಟು ಕೇಳಿ. ಬಂದ ಉತ್ತರವನ್ನು ಬಜೆಟ್ ಸಭೆಗೆ ಹೋಗುವ ತಂಡಕ್ಕೆ ವಾಟ್ಸಾಪ್ ಮಾಡಿ. ಅರ್ಜಿ ನವೆಂಬರ್ ಮೊದಲ ವಾರ ಹಾಕಿದರೆ ಸಮಯಕ್ಕೆ ಸರಿಯಾಗಿ ಕೈಗೆ ಬರುತ್ತದೆ.